ದೂರದ ಸರ್ವರ್‌ಗೆ ವ್ಯವಸ್ಥೆ ನಿರ್ವಾಹಕರ ಲಾಗಿನ್ ತೊಂದರೆ: ಕಾರಣಗಳು, ಪರಿಹಾರ ಕ್ರಮ ಮತ್ತು ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಸೇವೆಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಬರುವ ಸಾರ್ವಜನಿಕರಿಗೆ ಕೆಲವೊಮ್ಮೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆಯುವುದುಂಟು. ಬೆಳೆ ಸಾಲಕ್ಕೆ ಪಹಣಿ ಬೇಕಾದ ರೈತರಿಗಾಗಲಿ, ಕಾಲೇಜು ಪ್ರವೇಶದ ಕೊನೆಯ ದಿನಾಂಕದೊಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಸಲ್ಲಿಸಬೇಕಾದ ವಿದ್ಯಾರ್ಥಿಗಳಿಗಾಗಲಿ ಈ ಉತ್ತರದಿಂದ ಏನೂ ತಿಳಿಯುವುದಿಲ್ಲ. ತೊಂದರೆ ಯಾವುದು, ಅದು ಎಷ್ಟು ಹೊತ್ತಿನಲ್ಲಿ ಸರಿಹೋಗಬಹುದು, ಬೇರೆ ಕಡೆ ಪ್ರಯತ್ನಿಸಿದರೆ ಪ್ರಯೋಜನವಿದೆಯೇ ಎಂಬುದನ್ನು ಊಹಿಸಲೂ ಆಗುವುದಿಲ್ಲ.

ವಾಸ್ತವವಾಗಿ "ಸರ್ವರ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸ್ಥಿತಿಗಳಿರುತ್ತವೆ. ಸರ್ವರ್ ನಿಜವಾಗಿಯೂ ನಿಂತಿರಬಹುದು. ಸರ್ವರ್ ನಡೆಯುತ್ತಿದ್ದರೂ ಕಚೇರಿಯಿಂದ ಅಲ್ಲಿಗೆ ಹೋಗುವ ಜಾಲ ಕಡಿದಿರಬಹುದು. ಇವೆರಡೂ ಸರಿಯಿದ್ದು, ಒಳಗೆ ಹೋಗಿ ಸಣ್ಣ ದೋಷವೊಂದನ್ನು ಸರಿಪಡಿಸಬೇಕಾದ ವ್ಯವಸ್ಥೆ ನಿರ್ವಾಹಕರಿಗೇ ಪ್ರವೇಶ ದೊರೆಯದಿರಬಹುದು. ಹೊರಗಿನವರಿಗೆ ಅತ್ಯಂತ ಕಡಿಮೆ ತಿಳಿದಿರುವುದು ಈ ಮೂರನೆಯ ಸ್ಥಿತಿ. ಅದರ ಕಾರಣಗಳನ್ನು ಮತ್ತು ಅದನ್ನು ಪತ್ತೆ ಹಚ್ಚುವ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ನಿರ್ವಾಹಕ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಸ್ಸಿನಲ್ಲಿ ಚೀಟಿ ನೀಡುವವರು. ಇಲ್ಲಿ ಆ ಪದವನ್ನು ಸರ್ವರ್‌ನ ಉಸ್ತುವಾರಿ ಹೊತ್ತಿರುವ ತಾಂತ್ರಿಕ ಸಿಬ್ಬಂದಿ, ಅಂದರೆ ಅಡ್ಮಿನಿಸ್ಟ್ರೇಟರ್, ಎಂಬ ಅರ್ಥದಲ್ಲಿ ಬಳಸಲಾಗಿದೆ.

ಸರ್ವರ್ ಎಲ್ಲಿರುತ್ತದೆ, ಲಾಗಿನ್ ಯಾರದು?

ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ಪಹಣಿಗಳ ದತ್ತಾಂಶವಿದ್ದ ಸರ್ವರ್ ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇರುತ್ತಿತ್ತು. ತೊಂದರೆಯಾದರೆ ಸಿಬ್ಬಂದಿ ಎದ್ದು ಪಕ್ಕದ ಕೊಠಡಿಗೆ ಹೋಗಿ ಯಂತ್ರದ ಮುಂದೆ ಕುಳಿತರೆ ಸಾಕಾಗುತ್ತಿತ್ತು. ಅನಂತರ ಸೇವೆಗಳು ಒಂದೊಂದಾಗಿ ಕೇಂದ್ರೀಕೃತ ದತ್ತಾಂಶ ಕೇಂದ್ರಕ್ಕೆ ಸ್ಥಳಾಂತರಗೊಂಡವು. ಇದರಿಂದ ಬಂದ ಅನುಕೂಲ ಸ್ಪಷ್ಟವಾಗಿದೆ: ಒಂದು ತಾಲ್ಲೂಕಿನ ದಾಖಲೆಯನ್ನು ಮತ್ತೊಂದು ಊರಿನಲ್ಲಿಯೂ ಪಡೆಯಬಹುದು. ಆದರೆ ಸರ್ವರ್‌ನ ಮುಂದೆ ಕೂರುವವರು ಈಗ ಯಾರೂ ಇಲ್ಲ. ನಿರ್ವಾಹಕರೂ ತಮ್ಮ ಕೊಠಡಿಯಿಂದ ಜಾಲದ ಮೂಲಕವೇ ಒಳಗೆ ಹೋಗಬೇಕು. ಆ ಬಾಗಿಲು ತೆರೆಯದಿದ್ದಲ್ಲಿ, ಐದು ನಿಮಿಷದ ಕೆಲಸವೂ ಇಡೀ ದಿನ ನಿಲ್ಲುತ್ತದೆ.

ಲಾಗಿನ್‌ಗಳು ಮೂರು ಬಗೆಯವು. ಅರ್ಜಿದಾರರು ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಬಳಸಿ ಮಾಡುವುದು ಒಂದು. ಕೌಂಟರಿನ ಸಿಬ್ಬಂದಿ ಅರ್ಜಿ ಸ್ವೀಕರಿಸಲು ಮತ್ತು ಅಧಿಕಾರಿಗಳು ಅದನ್ನು ಅನುಮೋದಿಸಲು ಮಾಡುವುದು ಎರಡನೆಯದು. ಮೂರನೆಯದಾದ ನಿರ್ವಾಹಕರ ಲಾಗಿನ್‌ನಿಂದ ಅರ್ಜಿ ಸಲ್ಲಿಸುವುದಾಗಲಿ ಅನುಮೋದಿಸುವುದಾಗಲಿ ನಡೆಯುವುದಿಲ್ಲ. ನಿಂತ ಸೇವೆಯನ್ನು ಮತ್ತೆ ಚಾಲನೆಗೊಳಿಸುವುದು, ಹೊಸ ಸಿಬ್ಬಂದಿಗೆ ಖಾತೆ ತೆರೆಯುವುದು, ವರ್ಗಾವಣೆಯಾದವರ ಖಾತೆ ಮುಚ್ಚುವುದು, ದತ್ತಾಂಶದ ಪ್ರತಿ ತೆಗೆದಿಡುವುದು ಇದರ ವ್ಯಾಪ್ತಿಗೆ ಸೇರುತ್ತವೆ. ಇಡೀ ವ್ಯವಸ್ಥೆಯ ಮೇಲೆ ಅಧಿಕಾರ ನೀಡುವ ಲಾಗಿನ್ ಇದಾದ್ದರಿಂದ ಬೆರಳೆಣಿಕೆಯಷ್ಟು ಜನರಿಗೆ ಮಾತ್ರ ಕೊಡಲಾಗುತ್ತದೆ, ಮತ್ತು ಇದಕ್ಕೆ ಕಾವಲೂ ಹೆಚ್ಚು. ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಈ ಕಾವಲಿನಿಂದಲೇ.

ಮೊದಲು ನೋಡಬೇಕಾದುದು ಪರದೆಯ ಮೇಲಿನ ಸಂದೇಶ

ಲಾಗಿನ್ ಆಗಲಿಲ್ಲವೆಂದ ಕೂಡಲೇ ಪಾಸ್‌ವರ್ಡ್ ಬದಲಾಯಿಸಲು ಮುಂದಾಗುವುದು ಸಾಮಾನ್ಯ ಪ್ರವೃತ್ತಿ. ಬಹುಪಾಲು ಸಂದರ್ಭಗಳಲ್ಲಿ ಅದು ಅನಗತ್ಯ, ಕೆಲವೊಮ್ಮೆ ಹಾನಿಕರ. ಪರದೆಯ ಮೇಲೆ ಬರುವ ಸಂದೇಶವನ್ನು ಅಕ್ಷರಶಃ ಓದಿದರೆ ಅರ್ಧ ಪರಿಹಾರ ದೊರೆತಂತೆಯೇ ಸರಿ.

ಲಿನಕ್ಸ್ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ ಎಂಬ ವಿಧಾನದಿಂದಲೂ ವಿಂಡೋಸ್ ಸರ್ವರ್‌ಗಳಿಗೆ ರಿಮೋಟ್ ಡೆಸ್ಕ್‌ಟಾಪ್‌ನಿಂದಲೂ ಪ್ರವೇಶಿಸುವುದು ರೂಢಿ. ಮೊದಲನೆಯದು ಸಾಮಾನ್ಯವಾಗಿ 22ನೇ ಪೋರ್ಟ್ ಬಳಸಿದರೆ, ಎರಡನೆಯದು 3389ನೇ ಪೋರ್ಟ್ ಬಳಸುತ್ತದೆ. ಪೋರ್ಟ್ ಎಂದರೆ ಒಂದೇ ಕಟ್ಟಡದಲ್ಲಿರುವ ಸಂಖ್ಯೆ ಹಾಕಿದ ಬಾಗಿಲು ಎಂದು ಭಾವಿಸಬಹುದು. ಈ ಬಾಗಿಲಿನ ಬಳಿ ಮೂರು ರೀತಿಯ ಉತ್ತರ ದೊರೆಯುವುದುಂಟು.

ಮೊದಲನೆಯದು ಉತ್ತರವೇ ಬಾರದಿರುವುದು. ಬಹಳ ಹೊತ್ತು ಕಾದ ಮೇಲೆ "ಸಮಯ ಮೀರಿತು" ಎಂಬ ಸಂದೇಶ ಬರುತ್ತದೆ. ಕಳುಹಿಸಿದ ಕೋರಿಕೆ ಸರ್ವರ್ ತಲುಪಿಲ್ಲ, ಅಥವಾ ನಡುವಿನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ನುಂಗಿದೆ ಎಂದು ಇದರ ಅರ್ಥ. ಇಲ್ಲಿ ಪಾಸ್‌ವರ್ಡ್‌ನ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅದನ್ನು ಕೇಳುವ ಹಂತಕ್ಕೇ ಕೋರಿಕೆ ಹೋಗಿಲ್ಲ. ವಿಪಿಎನ್ ಸಂಪರ್ಕ ಚಾಲನೆಯಲ್ಲಿದೆಯೇ, ಕಚೇರಿಯ ಜಾಲದ ವಿಳಾಸ ಬದಲಾಗಿದೆಯೇ, ದತ್ತಾಂಶ ಕೇಂದ್ರದಲ್ಲಿ ಅನುಮತಿ ಪಡೆದ ವಿಳಾಸಗಳ ಪಟ್ಟಿಯಲ್ಲಿ ಹೊಸ ವಿಳಾಸ ಸೇರಿದೆಯೇ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಕಚೇರಿ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡ ಮೊದಲ ವಾರದಲ್ಲಿ ಈ ತೊಂದರೆ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಪಿಂಗ್ ಪರೀಕ್ಷೆಗೆ ಉತ್ತರ ಬಾರದಿದ್ದ ಮಾತ್ರಕ್ಕೆ ಸರ್ವರ್ ನಿಂತಿದೆ ಎಂದು ತೀರ್ಮಾನಿಸಲಾಗದು. ಭದ್ರತೆಯ ದೃಷ್ಟಿಯಿಂದ ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಮಾಡಲಾಗಿರುತ್ತದೆ.

ಎರಡನೆಯದು ತಕ್ಷಣವೇ ಬರುವ ನಿರಾಕರಣೆ: "ಸಂಪರ್ಕ ನಿರಾಕರಿಸಲಾಗಿದೆ". ಇದು ಒಂದು ಅರ್ಥದಲ್ಲಿ ಒಳ್ಳೆಯ ಸುದ್ದಿ. ದಾರಿ ಸರಿಯಿದೆ, ಯಂತ್ರವೂ ಎಚ್ಚರವಾಗಿದೆ ಎಂಬುದು ಬಹುಮಟ್ಟಿಗೆ ಖಚಿತವಾಗುತ್ತದೆ. ಆದರೆ ಆ ಬಾಗಿಲಿನ ಹಿಂದೆ ಕೋರಿಕೆ ಸ್ವೀಕರಿಸುವ ಸೇವೆ ಚಾಲನೆಯಲ್ಲಿಲ್ಲ, ಅಥವಾ ಅದು ಬೇರೆ ಪೋರ್ಟಿಗೆ ವರ್ಗವಾಗಿದೆ.

ಮೂರನೆಯದು "ಅನುಮತಿ ಇಲ್ಲ" ಅಥವಾ "ಬಳಕೆದಾರರ ಹೆಸರು ಇಲ್ಲವೇ ಪಾಸ್‌ವರ್ಡ್ ತಪ್ಪಾಗಿದೆ" ಎಂಬ ಉತ್ತರ. ದಾರಿ, ಯಂತ್ರ, ಸೇವೆ ಮೂರೂ ಸರಿಯಿದ್ದು ಬಂದವರ ಗುರುತನ್ನು ಮಾತ್ರ ಸರ್ವರ್ ಒಪ್ಪುತ್ತಿಲ್ಲ. ಖಾತೆಯ ಬಗ್ಗೆ ಯೋಚಿಸಬೇಕಾದುದು ಈ ಹಂತದಲ್ಲಿ ಮಾತ್ರ.

ಇವುಗಳ ನಡುವೆ ಮೋಸಗೊಳಿಸುವ ಸ್ಥಿತಿಯೊಂದಿದೆ. ಸರ್ವರ್ ಹೊಸ ವಿಳಾಸಕ್ಕೆ ಹೋದ ಮೇಲೆಯೂ ನಿರ್ವಾಹಕರ ಗಣಕಯಂತ್ರದಲ್ಲಿ ಹಳೆಯ ವಿಳಾಸವೇ ನೆನಪಿನಲ್ಲಿ ಉಳಿದಿದ್ದರೆ, ಲಾಗಿನ್ ಪರದೆ ಸರಿಯಾಗಿಯೇ ತೆರೆದುಕೊಳ್ಳುತ್ತದೆ, ಆದರೆ ಹಳೆಯ ಸರ್ವರ್‌ನಲ್ಲಿ. ಅಲ್ಲಿ ಹೊಸ ಪಾಸ್‌ವರ್ಡ್ ನಡೆಯುವುದಿಲ್ಲ. ಹೆಸರಿನ ಬದಲು ಸಂಖ್ಯಾರೂಪದ ವಿಳಾಸ ನೀಡಿ ಪ್ರಯತ್ನಿಸಿದಲ್ಲಿ ಇದು ಒಂದೇ ನಿಮಿಷದಲ್ಲಿ ಬಯಲಾಗುತ್ತದೆ.

ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದಾಗ

ಗುರುತಿನ ತೊಂದರೆಗಳಲ್ಲಿ ಅತ್ಯಂತ ಸರಳವಾದುದು ಕೀಲಿಮಣೆಗೆ ಸಂಬಂಧಿಸಿದ್ದು. ಕರ್ನಾಟಕದ ಕಚೇರಿಗಳಲ್ಲಿ ನುಡಿಯಂತಹ ಕನ್ನಡ ತಂತ್ರಾಂಶಗಳು ದಿನವಿಡೀ ಚಾಲನೆಯಲ್ಲಿರುತ್ತವೆ. ಟಿಪ್ಪಣಿ ಸಿದ್ಧಪಡಿಸುತ್ತಿದ್ದವರು ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳದೆ ಪಾಸ್‌ವರ್ಡ್ ಬೆರಳಚ್ಚಿಸಿದರೆ ಬೇರೆ ಅಕ್ಷರಗಳೇ ಮೂಡುತ್ತವೆ, ಆದರೆ ಪರದೆಯ ಮೇಲೆ ಚುಕ್ಕಿಗಳ ಹೊರತು ಏನೂ ಕಾಣದು. ಪಾಸ್‌ವರ್ಡ್‌ನ ಅಕ್ಷರಗಳು ಹೇಗೆ ಮೂಡುತ್ತಿವೆ ಎಂಬುದನ್ನು ತಿಳಿಯಲು ಬಳಕೆದಾರರ ಹೆಸರಿನ ಜಾಗದಲ್ಲಿ ಬೇರೆ ಯಾವುದಾದರೂ ಪದವನ್ನು ಬೆರಳಚ್ಚಿಸಿ ನೋಡಿದರೆ ಸಾಕು. ಪಾಸ್‌ವರ್ಡನ್ನೇ ಅಲ್ಲಿ ಬರೆಯಬಾರದು, ಏಕೆಂದರೆ ಬಳಕೆದಾರರ ಹೆಸರು ಸರ್ವರ್‌ನ ದಾಖಲೆಯಲ್ಲಿ ಹಾಗೆಯೇ ಉಳಿಯುತ್ತದೆ. ದೂರದ ಸರ್ವರ್‌ನಲ್ಲಿ ಬ್ರಿಟಿಷ್ ಮಾದರಿಯ ಕೀಲಿಮಣೆ ಆಯ್ಕೆಯಾಗಿದ್ದರೆ ಮತ್ತೊಂದು ಗೊಂದಲ: ಎರಡರ ಕೀಲಿಯ ಮೇಲಿರುವ ಆಟ್ ಚಿಹ್ನೆಗೆ ಬದಲಾಗಿ ಉದ್ಧರಣ ಚಿಹ್ನೆ ಮೂಡುತ್ತದೆ. ಆಟ್ ಚಿಹ್ನೆಯಿಲ್ಲದ ಪಾಸ್‌ವರ್ಡ್ ಕಚೇರಿಗಳಲ್ಲಿ ಅಪರೂಪವಾದ್ದರಿಂದ ಇದು ಸಣ್ಣ ವಿಷಯವೇನಲ್ಲ.

ಇದಕ್ಕಿಂತ ಕಠಿಣವಾದುದು ಖಾತೆಗೆ ಬೀಗ ಬೀಳುವ ಸಮಸ್ಯೆ. ನಿಗದಿತ ಸಂಖ್ಯೆಗಿಂತ ಹೆಚ್ಚು ಬಾರಿ ತಪ್ಪು ಪಾಸ್‌ವರ್ಡ್ ನೀಡಿದರೆ ಸರ್ವರ್ ಆ ಖಾತೆಯನ್ನು ತಾನಾಗಿಯೇ ತಡೆಹಿಡಿಯುತ್ತದೆ. ತಪ್ಪು ಪ್ರಯತ್ನ ಯಾರದೆಂಬುದು ಮುಖ್ಯ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಹಲವು ಬಾರಿ ಮನುಷ್ಯರಲ್ಲ. ನಿರ್ವಾಹಕರು ನಿಯಮದಂತೆ ಪಾಸ್‌ವರ್ಡ್ ಬದಲಾಯಿಸಿರುತ್ತಾರೆ. ಆದರೆ ಪ್ರತಿ ರಾತ್ರಿ ದತ್ತಾಂಶದ ಪ್ರತಿ ತೆಗೆಯಲು ಹಿಂದೆಂದೋ ಸಿದ್ಧಪಡಿಸಿದ ಸ್ವಯಂಚಾಲಿತ ಕಾರ್ಯದಲ್ಲಿ ಹಳೆಯ ಪಾಸ್‌ವರ್ಡೇ ಉಳಿದಿರುತ್ತದೆ. ಅದು ರಾತ್ರಿ ಪೂರ್ತಿ ಹಳೆಯ ಪಾಸ್‌ವರ್ಡ್‌ನಿಂದ ಬಾಗಿಲು ತಟ್ಟುತ್ತಿರುತ್ತದೆ. ಬೆಳಿಗ್ಗೆ ಕಚೇರಿ ತೆರೆಯುವ ವೇಳೆಗೆ ಖಾತೆಗೆ ಬೀಗ ಬಿದ್ದಿರುತ್ತದೆ. ಬೀಗ ತೆಗೆಸಿದರೂ ಮರುದಿನ ಮತ್ತೆ ಅದೇ ಕಥೆ. ಪಾಸ್‌ವರ್ಡನ್ನು ಮತ್ತೊಮ್ಮೆ ಬದಲಾಯಿಸುವುದರಿಂದ ಇದು ಎಂದಿಗೂ ಸರಿಹೋಗುವುದಿಲ್ಲ. ವಿಂಡೋಸ್ ಸರ್ವರ್‌ನ ಭದ್ರತಾ ದಾಖಲೆಯಲ್ಲಿ ವಿಫಲ ಪ್ರಯತ್ನಗಳು 4625 ಎಂಬ ಸಂಖ್ಯೆಯಡಿ, ಖಾತೆಗೆ ಬೀಗ ಬಿದ್ದ ಘಟನೆ 4740 ಎಂಬ ಸಂಖ್ಯೆಯಡಿ ನಮೂದಾಗಿರುತ್ತವೆ. ಪ್ರಯತ್ನ ಯಾವ ಯಂತ್ರದಿಂದ ಬಂತು ಎಂಬುದೂ ಅಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆ ಯಂತ್ರವನ್ನು ಹುಡುಕಿ, ಅದರಲ್ಲಿ ಉಳಿದಿರುವ ಹಳೆಯ ಪಾಸ್‌ವರ್ಡ್ ಅಳಿಸುವುದೇ ಪರಿಹಾರ.

ಕೆಲವು ಲಿನಕ್ಸ್ ಸರ್ವರ್‌ಗಳಲ್ಲಿ ಖಾತೆಗೆ ಬದಲಾಗಿ ಕೋರಿಕೆ ಬಂದ ವಿಳಾಸವನ್ನೇ ತಡೆಹಿಡಿಯುವ ಏರ್ಪಾಡು ಇರುತ್ತದೆ. ಇಡೀ ಕಚೇರಿಯ ಗಣಕಯಂತ್ರಗಳು ಹೊರಗಿನ ಜಾಲಕ್ಕೆ ಒಂದೇ ವಿಳಾಸದಿಂದ ಹೋಗುವುದಾದಲ್ಲಿ, ಒಬ್ಬರ ತಪ್ಪಿಗೆ ಎಲ್ಲರ ದಾರಿಯೂ ಮುಚ್ಚುತ್ತದೆ. ಮೊದಲು "ಅನುಮತಿ ಇಲ್ಲ" ಎನ್ನುತ್ತಿದ್ದ ಸರ್ವರ್ ಅನಂತರ ಉತ್ತರಿಸುವುದನ್ನೇ ನಿಲ್ಲಿಸಿದರೆ ಈ ಸಾಧ್ಯತೆಯನ್ನು ಮೊದಲು ಪರಿಗಣಿಸಬೇಕು.

ಅವಧಿ ಮುಗಿದ ಪಾಸ್‌ವರ್ಡ್‌ನದು ಒಂದು ವಿಚಿತ್ರ ಸಿಕ್ಕು. ಪಾಸ್‌ವರ್ಡ್ ಬದಲಾಯಿಸಲು ಒಳಗೆ ಹೋಗಬೇಕು, ಒಳಗೆ ಹೋಗಲು ಪಾಸ್‌ವರ್ಡ್ ಬದಲಾಗಿರಬೇಕು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸಂಪರ್ಕಕ್ಕೆ ಮೊದಲೇ ಗುರುತು ಪರಿಶೀಲಿಸುವ ಭದ್ರತಾ ವಿಧಾನ ಜಾರಿಯಲ್ಲಿದ್ದಾಗ ಇಂತಹ ಸ್ಥಿತಿ ಉಂಟಾಗುತ್ತದೆ. ಮತ್ತೊಬ್ಬ ನಿರ್ವಾಹಕರು ಹೊಸ ಪಾಸ್‌ವರ್ಡ್ ನೀಡುವುದು, ಇಲ್ಲವೇ ಮುಂದೆ ವಿವರಿಸಿರುವ ಕನ್ಸೋಲ್ ಮೂಲಕ ಪ್ರವೇಶಿಸುವುದು ಇದಕ್ಕೆ ದಾರಿ.

ಗಡಿಯಾರದ ದೋಷ

ಲಾಗಿನ್‌ಗೂ ಗಡಿಯಾರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ನಿಕಟವಾಗಿಯೇ ಇದೆ. ಮೊಬೈಲ್ ಆ್ಯಪ್‌ನಲ್ಲಿ ಬದಲಾಗುತ್ತಿರುವ ಆರು ಅಂಕಿಗಳ ಸಂಕೇತವನ್ನು ಸಾಮಾನ್ಯವಾಗಿ 30 ಸೆಕೆಂಡುಗಳಿಗೆ ಒಮ್ಮೆ ಸಮಯದ ಆಧಾರದಲ್ಲಿಯೇ ಲೆಕ್ಕ ಹಾಕಲಾಗುತ್ತದೆ. ಮೊಬೈಲ್ ಮತ್ತು ಸರ್ವರ್‌ನ ಗಡಿಯಾರಗಳು ಕೆಲವು ನಿಮಿಷ ಆಚೀಚೆಯಾದರೆ ಸರಿಯಾದ ಸಂಕೇತವೂ ತಪ್ಪೆನಿಸುತ್ತದೆ. ವಿಂಡೋಸ್ ಡೊಮೇನ್‌ಗಳಲ್ಲಿ ಬಳಸುವ ಕರ್ಬರಾಸ್ ಎಂಬ ಗುರುತು ವಿಧಾನವು ಸಾಮಾನ್ಯ ವ್ಯವಸ್ಥೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ.

ವಿದ್ಯುತ್ ಆಗಾಗ ಹೋಗಿಬರುವ ಊರುಗಳಲ್ಲಿ ಹಳೆಯ ಗಣಕಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಯಂತ್ರ ಪುನಃ ಆರಂಭವಾದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸರ್ವರ್‌ನ ಭದ್ರತಾ ಪ್ರಮಾಣಪತ್ರ "ಇನ್ನೂ ಜಾರಿಗೆ ಬಂದಿಲ್ಲ" ಎಂಬ ಎಚ್ಚರಿಕೆ ಕಾಣಿಸುತ್ತದೆ. ಅಲ್ಪ ಬೆಲೆಯ ಬ್ಯಾಟರಿಯೊಂದು ಇಡೀ ಕೌಂಟರನ್ನು ನಿಲ್ಲಿಸಬಲ್ಲದು ಎಂದರೆ ಅತಿಶಯೋಕ್ತಿಯಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಕಾಲವಲಯದ ತಪ್ಪು. ಭಾರತೀಯ ಕಾಲಮಾನವು ವಿಶ್ವ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ. ಸರ್ವರ್‌ನಲ್ಲಿ ವಿಶ್ವ ಕಾಲಮಾನದ ವಲಯ ಆಯ್ಕೆಯಾಗಿರುವುದನ್ನು ಗಮನಿಸದೆ, ಪರದೆಯ ಮೇಲಿನ ಗಂಟೆಯನ್ನು ಕೈಗಡಿಯಾರಕ್ಕೆ ಹೊಂದುವಂತೆ ತಿದ್ದಿದರೆ ನೋಡುವವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಒಳಗೆ ಸರ್ವರ್ ಐದೂವರೆ ಗಂಟೆ ಮುಂದಕ್ಕೆ ಹೋಗಿರುತ್ತದೆ. ಈ ಕಾರಣದಿಂದಲೇ ಗಡಿಯಾರವನ್ನು ಕೈಯಿಂದ ತಿದ್ದುವುದು ಸಲ್ಲದು. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳೊಂದಿಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗಳೊಂದಿಗೆ ಹೊಂದಿಸಬೇಕೆಂದು ತಿಳಿಸಲಾಗಿದೆ.

ಸ್ಥಳವಿಲ್ಲ, ಆಸನವಿಲ್ಲ, ಹೊಂದಾಣಿಕೆಯಿಲ್ಲ

ಡಿಸ್ಕ್ ತುಂಬಿದ ಸರ್ವರ್ ಹೊಸಬರನ್ನು ಒಳಗೆ ಬಿಟ್ಟುಕೊಳ್ಳಲು ಪರದಾಡುತ್ತದೆ, ಏಕೆಂದರೆ ಪ್ರತಿ ಪ್ರವೇಶದ ಜೊತೆಗೆ ಅದು ಏನನ್ನಾದರೂ ಬರೆದುಕೊಳ್ಳಬೇಕಾಗುತ್ತದೆ.

ವಿಂಡೋಸ್ ಸರ್ವರ್‌ಗಳಲ್ಲಿ ಪ್ರತ್ಯೇಕ ಪರವಾನಗಿ ಪಡೆಯದಿದ್ದಲ್ಲಿ ಆಡಳಿತದ ಉದ್ದೇಶಕ್ಕೆ ಏಕಕಾಲದಲ್ಲಿ ಇಬ್ಬರಿಗೆ ಮಾತ್ರ ದೂರದಿಂದ ಪ್ರವೇಶವಿರುತ್ತದೆ. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡದೆ ಕಿಟಕಿಯನ್ನಷ್ಟೇ ಮುಚ್ಚಿ ಮನೆಗೆ ಹೋದವರ ಆಸನ ಸರ್ವರ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದು ಇಳಿದು ಹೋದಂತೆ. ಇಬ್ಬರು ಹೀಗೆ ಮಾಡಿದರೆ ತುರ್ತು ಕೆಲಸಕ್ಕೆ ಬಂದ ಮೂರನೆಯವರು ಹೊರಗೇ ನಿಲ್ಲಬೇಕಾಗುತ್ತದೆ.

ತಂತ್ರಾಂಶದ ನವೀಕರಣದಿಂದಲೂ ಬಾಗಿಲು ಮುಚ್ಚಬಹುದು. 2018ರ ಮೇ ತಿಂಗಳ ವಿಂಡೋಸ್ ಭದ್ರತಾ ನವೀಕರಣದ ನಂತರ, ಹೊಸ ನವೀಕರಣ ಪಡೆದ ಗಣಕಯಂತ್ರಗಳು ಅದನ್ನು ಪಡೆಯದ ಸರ್ವರ್‌ಗಳಿಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸಲು ನಿರಾಕರಿಸಿದವು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8ನೇ ಆವೃತ್ತಿ ಹಳೆಯ ಬಗೆಯ ಸಹಿಯೊಂದನ್ನು ಸಾಮಾನ್ಯ ಬಳಕೆಯಿಂದ ಕೈಬಿಟ್ಟಾಗ, ಹಳೆಯ ಸರ್ವರ್‌ಗಳ ವಿಷಯದಲ್ಲಿ ಅದೇ ಅನುಭವವಾಯಿತು. ಎರಡೂ ಸಂದರ್ಭಗಳಲ್ಲಿ ತಪ್ಪು ನವೀಕರಣದ್ದಲ್ಲ, ಹಿಂದೆ ಉಳಿದ ಸರ್ವರ್‌ನದು.

"ಸರ್ವರ್‌ನ ಗುರುತು ಬದಲಾಗಿದೆ" ಎಂಬ ಎಚ್ಚರಿಕೆ

ಎಸ್‌ಎಸ್‌ಎಚ್ ಬಳಸುವಾಗ ಕೆಲವೊಮ್ಮೆ ಈ ಎಚ್ಚರಿಕೆ ಬಂದು ಸಂಪರ್ಕ ನಿಲ್ಲುತ್ತದೆ. ಸರ್ವರ್ ಹೊಸದಾಗಿ ಸ್ಥಾಪನೆಯಾಗಿದ್ದರೆ ಇದು ಸಹಜ. ನಿರ್ವಾಹಕರಿಗೂ ಸರ್ವರ್‌ಗೂ ನಡುವೆ ಬೇರೆ ಯಾರಾದರೂ ಕುಳಿತು ಸರ್ವರ್‌ನಂತೆ ನಟಿಸುತ್ತಿದ್ದರೂ ಇದೇ ಎಚ್ಚರಿಕೆ ಬರುತ್ತದೆ. ಪರದೆಯನ್ನು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಹಳೆಯ ಗುರುತಿನ ಸಾಲನ್ನು ಅಳಿಸಿ ಮುಂದುವರಿಯುವುದು ಅವಸರದಲ್ಲಿ ಅನೇಕರು ಮಾಡುವ ಕೆಲಸ. ಅದು ಮನೆಯ ಬೀಗ ಬದಲಾಗಿರುವುದನ್ನು ಕಂಡೂ ಕೇಳದೆ ಒಳಗೆ ನುಗ್ಗಿದಂತೆ. ದತ್ತಾಂಶ ಕೇಂದ್ರದವರನ್ನು ದೂರವಾಣಿಯಲ್ಲಿ ಸಂಪರ್ಕಿಸಿ, ಹೊಸ ಗುರುತಿನ ಅಕ್ಷರಗಳನ್ನು ಓದಿಸಿ ಹೋಲಿಸಿಕೊಂಡ ನಂತರವಷ್ಟೇ ಮುಂದುವರಿಯಬೇಕು. ಇದಕ್ಕೆ ಹತ್ತು ನಿಮಿಷ ಹಿಡಿಯಬಹುದು, ಕೌಂಟರಿನ ಮುಂದೆ ಸಾಲು ಬೆಳೆಯಬಹುದು. ಆದರೂ ಆ ಹತ್ತು ನಿಮಿಷವನ್ನು ಉಳಿಸಲು ಹೋಗಬಾರದು.

ಎಲ್ಲ ಬಾಗಿಲುಗಳೂ ಮುಚ್ಚಿದಾಗ

ಜಾಲದ ಮೂಲಕ ಯಾವ ದಾರಿಯೂ ಇಲ್ಲದಿದ್ದಲ್ಲಿ ಉಳಿಯುವುದು ಕನ್ಸೋಲ್. ಸರ್ವರ್‌ಗೆ ನೇರವಾಗಿ ಪರದೆ ಮತ್ತು ಕೀಲಿಮಣೆ ಜೋಡಿಸಿದಂತೆ ಕೆಲಸ ಮಾಡುವ ಈ ಸೌಲಭ್ಯವನ್ನು ದತ್ತಾಂಶ ಕೇಂದ್ರದ ಸಿಬ್ಬಂದಿ ಒದಗಿಸುತ್ತಾರೆ. ಸರ್ವರ್‌ನ ಜಾಲ ಸಂಪರ್ಕ, ಎಸ್‌ಎಸ್‌ಎಚ್, ರಿಮೋಟ್ ಡೆಸ್ಕ್‌ಟಾಪ್ ಯಾವುದೂ ನಡೆಯದಿದ್ದರೂ ಇದು ನಡೆಯುತ್ತದೆ. ಇಂತಹ ಸಂದರ್ಭಕ್ಕಾಗಿ ತುರ್ತು ಖಾತೆಯೊಂದನ್ನು ಇರಿಸಿ, ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜವಾಬ್ದಾರಿಯುತ ಅಧಿಕಾರಿಯ ವಶದಲ್ಲಿಡುವುದು ಉತ್ತಮ ಪದ್ಧತಿ. ಲಕೋಟೆ ತೆರೆದ ದಿನ, ಸಮಯ ಹಾಗೂ ಕಾರಣವನ್ನು ವಹಿಯಲ್ಲಿ ನಮೂದಿಸಿ, ಕೆಲಸ ಮುಗಿದ ಕೂಡಲೇ ಆ ಪಾಸ್‌ವರ್ಡನ್ನು ಬದಲಾಯಿಸಬೇಕು.

ದೂರದಿಂದ ಫೈರ್‌ವಾಲ್‌ನ ನಿಯಮ ತಿದ್ದುತ್ತಾ ತಮ್ಮ ದಾರಿಯನ್ನೇ ಮುಚ್ಚಿಕೊಂಡ ನಿರ್ವಾಹಕರ ಸಂಖ್ಯೆ ಕಡಿಮೆಯೇನಲ್ಲ; ಕುಳಿತ ಕೊಂಬೆಯನ್ನೇ ಕಡಿದುಕೊಂಡ ಹಳೆಯ ಕಥೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಬದಲಾವಣೆ ಮಾಡುವಾಗ ಈಗಾಗಲೇ ತೆರೆದಿರುವ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಹೊಸ ಸಂಪರ್ಕ ಸಾಧ್ಯವಾಗುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ ಮಾತ್ರ ಮೊದಲನೆಯದನ್ನು ಬಿಡಬೇಕು.

ಅವಸರದ ಪರಿಹಾರಗಳ ಅಪಾಯ

ಸಾಲು ಬೆಳೆದಂತೆ ಒತ್ತಡ ಬೆಳೆಯುತ್ತದೆ, ಒತ್ತಡದಲ್ಲಿ ಮಾಡಿದ ಪರಿಹಾರಗಳು ಬಹುಕಾಲ ಉಳಿಯುತ್ತವೆ. ಫೈರ್‌ವಾಲನ್ನು "ಸದ್ಯಕ್ಕೆ" ನಿಲ್ಲಿಸುವುದು, ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟನ್ನು ಇಡೀ ಅಂತರ್ಜಾಲಕ್ಕೆ ತೆರೆಯುವುದು ಇದಕ್ಕೆ ಉದಾಹರಣೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂದು ಹೆಸರಾದ ದೋಷವೊಂದು ಪ್ರಕಟವಾದಾಗ, ಹಳೆಯ ಆವೃತ್ತಿಯ ವಿಂಡೋಸ್ ಇದ್ದು ಹೀಗೆ ತೆರೆದಿಟ್ಟ ಯಂತ್ರಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದು ಎಂಬುದು ತಿಳಿದುಬಂತು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಪಾಸ್‌ವರ್ಡ್ ಹಂಚಿಕೊಳ್ಳುವ ಅಭ್ಯಾಸ. ಒಬ್ಬರ ಲಾಗಿನ್ ಆಗುತ್ತಿಲ್ಲವೆಂದು ಮತ್ತೊಬ್ಬರ ಲಾಗಿನ್‌ನಲ್ಲಿ ಕೆಲಸ ಮುಗಿಸುವುದು ಆ ಕ್ಷಣಕ್ಕೆ ಸಹಾಯವೆನಿಸಬಹುದು. ಆದರೆ ಪಹಣಿಯಲ್ಲಿ ಹೆಸರು ಬದಲಾದುದು ಯಾರಿಂದ, ಯಾವ ದಿನ, ಎಷ್ಟು ಗಂಟೆಗೆ ಎಂಬ ಪ್ರಶ್ನೆಗೆ ರೈತರಿಗೆ ದೊರೆಯಬಹುದಾದ ಉತ್ತರ ಲಾಗಿನ್ ದಾಖಲೆಯಲ್ಲಿಯೇ ಇರುತ್ತದೆ. ಐದು ಜನ ಒಂದೇ ಹೆಸರಿನಲ್ಲಿ ಕೆಲಸ ಮಾಡಿದ್ದರೆ ಆ ಉತ್ತರವೇ ಇಲ್ಲವಾಗುತ್ತದೆ. ಭೂಮಿ ಯೋಜನೆಯಲ್ಲಿ ಆರಂಭದಿಂದಲೇ ಸಿಬ್ಬಂದಿಯ ಪ್ರವೇಶಕ್ಕೆ ಬೆರಳ ಗುರುತನ್ನು ಅಳವಡಿಸಿದ್ದರ ಉದ್ದೇಶ ಇದೇ ಆಗಿತ್ತು: ತಿದ್ದುಪಡಿ ಮಾಡಿದವರು ತಾವಲ್ಲವೆಂದು ಅನಂತರ ಹೇಳಲಾಗದಿರಲಿ ಎಂಬುದು. ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬೇರೊಬ್ಬರ ಪಾಸ್‌ವರ್ಡ್ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ 66ಸಿ ಪ್ರಕರಣದಡಿ ಮೂರು ವರ್ಷಗಳವರೆಗಿನ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿರುತ್ತದೆ.

ಅರ್ಜಿದಾರರು ಗಮನಿಸಬೇಕಾದುದು

ಕರ್ನಾಟಕದಲ್ಲಿ 2012ರಿಂದ ಜಾರಿಯಲ್ಲಿರುವ ಸಕಾಲ ಅಧಿನಿಯಮದ ಪ್ರಕಾರ ಸೇವೆ ಒದಗಿಸುವ ಕಾಲಮಿತಿಯು ಅರ್ಜಿ ಸ್ವೀಕೃತವಾದ ಮೇಲೆ ಎಣಿಕೆಯಾಗುತ್ತದೆ. ಸ್ವೀಕೃತಿಯ ಗುರುತಾಗಿ ಅರ್ಜಿದಾರರಿಗೆ 15 ಅಂಕಿಗಳ ಸಕಾಲ ಸಂಖ್ಯೆ ದೊರೆಯುತ್ತದೆ. ವಿಳಂಬವಾದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ಕೇಳಲು ಅವಕಾಶವಿದೆ. ಆದರೆ "ಸರ್ವರ್ ಇಲ್ಲ" ಎಂಬ ಉತ್ತರ ಕೇಳಿ ಅರ್ಜಿ ನೀಡದೆ ಹಿಂದಿರುಗಿದವರ ವಿಷಯದಲ್ಲಿ ಈ ಎಣಿಕೆ ಆರಂಭವೇ ಆಗಿರುವುದಿಲ್ಲ. ಮೂರು ಬಾರಿ ಅಲೆದಾಡಿದ್ದರೂ ದಾಖಲೆಯಲ್ಲಿ ಆ ಅಲೆದಾಟ ಇಲ್ಲ. ಲಾಗಿನ್ ತೊಂದರೆಯಿಂದ ನಾಗರಿಕರಿಗಾಗುವ ನಿಜವಾದ ನಷ್ಟ ಇದು.

ಆದ್ದರಿಂದ ತೊಂದರೆ ಯಾರ ಲಾಗಿನ್‌ನದು ಎಂದು ಕೌಂಟರಿನಲ್ಲಿ ವಿಚಾರಿಸುವುದು ಉಪಯುಕ್ತ. ಆ ಕಚೇರಿಯ ಜಾಲ ಅಥವಾ ಸಿಬ್ಬಂದಿಯ ಖಾತೆಯದಷ್ಟೇ ಆಗಿದ್ದಲ್ಲಿ, ಅದೇ ಸೇವೆ ಲಭ್ಯವಿರುವ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ, ಇಲ್ಲವೇ ಸೇವಾ ಸಿಂಧು ಜಾಲತಾಣದಲ್ಲಿ ಅಂದೇ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಕೇಂದ್ರ ಸರ್ವರ್‌ಗೆ ನಿರ್ವಾಹಕರೇ ಪ್ರವೇಶಿಸಲಾಗದ ಸ್ಥಿತಿಯಾದರೆ ಯಾವ ಕೌಂಟರಿಗೆ ಹೋದರೂ ಫಲಿತಾಂಶ ಒಂದೇ ಆಗಬಹುದು. ಬಸ್ಸಿನ ಖರ್ಚು ಉಳಿಸುವುದೇ ಜಾಣತನ. ಕುಂದುಕೊರತೆಯನ್ನು 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಯಲ್ಲಿ ದಾಖಲಿಸಿದರೆ, ಆ ದಿನ ಸೇವೆ ದೊರೆಯಲಿಲ್ಲ ಎಂಬುದಕ್ಕೆ ಒಂದು ಸಂಖ್ಯೆಯಾದರೂ ಕೈಯಲ್ಲಿ ಉಳಿಯುತ್ತದೆ.

ಶುಲ್ಕ ಪಾವತಿಯ ನಡುವೆ ಸಂಪರ್ಕ ಕಡಿದು, ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿ, ಸ್ವೀಕೃತಿ ಮಾತ್ರ ಬಾರದಿದ್ದಲ್ಲಿ ತಕ್ಷಣ ಎರಡನೆಯ ಬಾರಿ ಪಾವತಿಸಬಾರದು. ಬ್ಯಾಂಕಿನ ಸಂದೇಶದಲ್ಲಿರುವ ವಹಿವಾಟು ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮೊದಲು ಪಾವತಿಯ ಸ್ಥಿತಿಯನ್ನು ಪರಿಶೀಲಿಸುವುದು ಸೂಕ್ತ. "ಸರ್ವರ್ ಸರಿಪಡಿಸುತ್ತೇವೆ, ಒಟಿಪಿ ತಿಳಿಸಿ" ಎಂದು ದೂರವಾಣಿ ಮಾಡುವವರಿಗೆ ಏನನ್ನೂ ತಿಳಿಸಕೂಡದು. ಸರ್ವರ್‌ನ ದುರಸ್ತಿಗೆ ಅರ್ಜಿದಾರರ ಒಟಿಪಿ ಯಾವ ಸಂದರ್ಭದಲ್ಲಿಯೂ ಬೇಕಾಗುವುದಿಲ್ಲ. ಹೀಗೆ ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು.

ತಮ್ಮ ದಾಖಲೆಯನ್ನು ಅನಧಿಕೃತವಾಗಿ ತಿದ್ದಲಾಗಿದೆ ಎಂಬ ಅನುಮಾನವಿದ್ದವರು ತಿದ್ದುಪಡಿಯ ದಿನಾಂಕ, ಸರ್ವೆ ಸಂಖ್ಯೆ ಅಥವಾ ಅರ್ಜಿ ಸಂಖ್ಯೆಯೊಡನೆ ಸಂಬಂಧಪಟ್ಟ ಕಚೇರಿಗೆ ಲಿಖಿತ ದೂರು ಸಲ್ಲಿಸಿ, ಆ ದಿನದ ಲಾಗಿನ್ ದಾಖಲೆಗಳನ್ನು ಕಾಯ್ದಿರಿಸುವಂತೆ ಕೋರಬಹುದು. 2022ರ ಸರ್ಟ್-ಇನ್ ನಿರ್ದೇಶನಗಳ ಪ್ರಕಾರ ಇಂತಹ ದಾಖಲೆಗಳನ್ನು 180 ದಿನಗಳ ಅವಧಿಗೆ ಇರಿಸಿಕೊಳ್ಳಬೇಕಾಗಿದೆ. ಆ ಅವಧಿ ಮೀರಿದ ದಾಖಲೆಗಳು ಅಳಿಸಿಹೋಗಿರುವ ಸಾಧ್ಯತೆ ಇರುವುದರಿಂದ ದೂರನ್ನು ಅದರೊಳಗೆ ಸಲ್ಲಿಸಿ ಹಿಂಬರಹ ಪಡೆಯತಕ್ಕದ್ದು.